ತಕರಾರಮ್ಮ ಸುಮ್ಮನಿದ್ದ ಮೂರು ದಿನ

ನಮ್ಮ ಲಾಂಡ್ರಿ ಕಾರ್ಮಿಕರ ಸಂಘ ನನ್ನ ತಂಗಿಯ ಮಗಳಿಗೆ ಒಂದು ಊಟದ ಮೇಜು ಬಾಕಿ ಉಳಿಸಿಕೊಂಡಿದೆ. ಮುಷ್ಕರದ ಪೆಂಡಾಲಿಗೆ ವೇದಿಕೆ ಬೇಕಾಗಿತ್ತು, ಅವಳ ಮನೆಯಿಂದ ನಾನೇ ಹೊರಿಸಿಕೊಂಡು ಬಂದೆ. ಮೊದಲ ದಿನ ಒಬ್ಬೊಬ್ಬರೇ ಹತ್ತಿ ಮಾತಾಡಿದರು, ಮೇಜು ತಡೆದುಕೊಂಡಿತು. ಎರಡನೆಯ ದಿನ ಬಾಯ್ಲರ್ ವಿಭಾಗದ ಮೂವರು ಧಡಿಯರು ಒಟ್ಟಿಗೆ ಹತ್ತಿ ಘೋಷಣೆ ಕೂಗುತ್ತ ಕುಣಿದರು. ಮೇಜಿನ ಎರಡು ಕಾಲು ಅಲ್ಲೇ ಮುರಿದು ಮಾಲೀಕರ ಪಕ್ಷ ಸೇರಿದವು. ಮುಷ್ಕರ ಗೆದ್ದಿತು, ಮೇಜು ಸೋತಿತು. ಹೊಸ ಮೇಜು ಕೊಡಿಸತಕ್ಕದ್ದು ಎಂದು ಸಂಘ ಠರಾವು ಮಾಡಿತು. ಎಲ್ಲರೂ ತಲೆಯಾಡಿಸಿದರು. ಆ ಮೇಲೆ ಎಲ್ಲರೂ ಮನೆಗೆ ಹೋದರು.

ಅಂದಿನಿಂದ ಅವಳೂ ಅವಳ ಗಂಡನೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾರೆ. ಅವಳ ಲ್ಯಾಪ್‌ಟಾಪು ಮಡಚುವ ಇಸ್ತ್ರಿ ಹಲಗೆಯ ಮೇಲೆ ಕೂರುತ್ತದೆ. ಹಲಗೆಯ ಬಟ್ಟೆ ಒಂದು ಕಡೆ ಸುಟ್ಟು ಕಂದಾಗಿದೆ, ಮೌಸು ಓಡಾಡುವುದು ಅಲ್ಲೇ. ದೊಡ್ಡ ದೊಡ್ಡ ಕಂಪನಿಗಳ ಬುದ್ಧಿವಂತರು ಪರದೆಯಲ್ಲಿ ಬಂದು, "ನಿಮ್ಮ ಹಿಂದೆ ಅದೇನು ನೇತಾಡ್ತಿದೆ?" ಎಂದು ಕೇಳಿದರೆ, "ನಮ್ಮ ಯಜಮಾನರ ಪ್ಯಾಂಟು, ಒಣಗ್ಲಿ ಬಿಡಿ, ಮುಂದಿನ ವಿಷಯಕ್ಕೆ ಬನ್ನಿ" ಎನ್ನುವವಳು ಅವಳು.

ಎಲ್ಲರೂ ಅವಳನ್ನು ತಕರಾರಮ್ಮ ಎನ್ನುತ್ತಾರೆ. ಹೆತ್ತವರಿಟ್ಟ ಹೆಸರು ಒಂದಿದೆ, ಅದನ್ನು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ನಮ್ಮದು ಗಲ್ಲಿಯ ಲಾಂಡ್ರಿ ಅಂಗಡಿಯಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳನ್ನು ರಾಶಿಗಟ್ಟಲೆ ತೊಳೆಯುವ ಕಾರ್ಖಾನೆ. ನಾನು ಹಬೆ ಇಸ್ತ್ರಿಯಲ್ಲಿದ್ದೆ, ನನ್ನ ತಂಗಿ ಬಟ್ಟೆ ಮಡಚುವ ವಿಭಾಗದಲ್ಲಿದ್ದಳು. ಅವಳಿಗೆ ಸಂಜೆ ಪಾಳಿ ಬಿದ್ದಾಗ ಕೂಸು ನನ್ನ ಪಾಲಿಗೆ. ನನಗೋ ಸಂಜೆಯಾದರೆ ಸಂಘದ ಸಭೆ. ಹಾಗಾಗಿ ಮಿಕ್ಕ ಮಕ್ಕಳು ಕಥೆ ಕೇಳುತ್ತ ಬೆಳೆದರೆ ಈ ಹುಡುಗಿ ಠರಾವು ಕೇಳುತ್ತ ಬೆಳೆಯಿತು. ಒಂದು ಸಲ ಚಹಾದ ಬಿಡುವನ್ನು ಕಡಿಮೆ ಮಾಡುವ ಒಪ್ಪಂದ ಬಂದಿತ್ತು. ಅಧ್ಯಕ್ಷ, ಅವನೊಬ್ಬ ಸುಸ್ತು ಮನುಷ್ಯ, "ಎಲ್ಲರೂ ಒಪ್ಪಿದ ಹಾಗೆ ತಾನೆ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದ. ಸಭೆ ಗಪ್‌ಚಿಪ್. ಬೆಂಚಿನ ಕೆಳಗಿನಿಂದ ಒಂದು ದನಿ ಎದ್ದಿತು:

"ನನ್ನನ್ನ ಯಾರೂ ಕೇಳ್ಲೇ ಇಲ್ಲ!"

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕ ಮೇಲೆ ಒಬ್ಬಾಕೆ, "ಹೌದಲ್ಲ, ನನ್ನನ್ನೂ ಕೇಳಿಲ್ಲ" ಎಂದಳು. ಆಮೇಲೆ ಇನ್ನೊಬ್ಬಾಕೆ. ಚಹಾದ ಬಿಡುವು ಉಳಿಯಿತು. ಹುಡುಗಿಗೆ ಹೆಸರು ಅಂಟಿತು.

ದೊಡ್ಡವಳಾದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಒಂದು ಕ್ಲೌಡ್ ಕಂಪನಿಯಲ್ಲಿ ಗಿರಾಕಿಗಳ ಫೋನು ಎತ್ತುವುದು. ಕ್ಲೌಡ್ ಎಂಬ ಹೆಸರಿಟ್ಟವನು ಯಾರೋ, ಮೋಡಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಎಲ್ಲೋ ಒಂದು ಗೋದಾಮು, ಅದರ ತುಂಬ ಬೇರೆಯವರ ಕಂಪ್ಯೂಟರು, ಅದರೊಳಗೆ ನಮ್ಮ ಕಡತ, ಫೋಟೋ, ಲೆಕ್ಕಪತ್ರದ ಸಾಮಾನು, ಅಷ್ಟೇ. ಈ ಗೋದಾಮು ಬೇಡವಾದರೆ ಸಾಮಾನು ಹೊತ್ತು ಪಕ್ಕದ ಗೋದಾಮಿಗೆ ಹೋಗಲು ಆಗಬೇಕು ತಾನೆ? ಆಗುವುದಿಲ್ಲ. ಇವನ ಕಪಾಟು ಚೌಕ, ಅವನ ಕಪಾಟು ದುಂಡು. ಒಳಗೆ ಹೋಗಲು ಬಾಗಿಲು, ಹೊರಗೆ ಬರಲು ಗೋಡೆ. ಸಾಮಾನು ವಾಪಸು ಕೇಳಿದವರಿಗೆ, "ಕ್ಷಮಿಸಿ, ಅದು ತಾಂತ್ರಿಕವಾಗಿ ಸಾಧ್ಯವಿಲ್ಲ" ಎಂದು ಓದಿ ಹೇಳುವುದು ಇವಳ ಕೆಲಸ. ಸ್ವಲ್ಪ ಕಾಲ ಓದಿದಳು. ಒಂದು ದಿನ ಯಾರೋ ಶಾಲೆಯವರಿಗೆ, "ಸಾಧ್ಯ ಇದೆ ಸಾರ್, ಇವರಿಗೆ ಮನಸ್ಸಿಲ್ಲ" ಎಂದುಬಿಟ್ಟಳು. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದಳು.

ಸಂಜೆ ಕ್ಲಾಸಿಗೆ ಸೇರಿ ಪ್ರೋಗ್ರಾಮಿಂಗ್ ಕಲಿತಳು. ಕಲಿಯುವಾಗಲೇ ಓಪನ್ ಸೋರ್ಸ್ ಎಂಬ ಲೋಕ ಅವಳಿಗೆ ಸಿಕ್ಕಿತು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಂದು ಸಾಫ್ಟ್‌ವೇರನ್ನು ಹತ್ತಾರು ಕಂಪನಿಯವರೂ ಒಂಟಿ ಕುಳಗಳೂ ಸೇರಿ ಬಯಲಲ್ಲಿ ಬರೆಯುತ್ತಾರೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಅಂಥ ಒಂದು ಗುಂಪು ಗೋದಾಮುಗಳ ಕಪಾಟುಗಳಿಗೆಲ್ಲ ಒಂದೇ ಅಳತೆ ತರುವ ಕೆಲಸ ಹಿಡಿದಿತ್ತು. ಅಳತೆಗೆ ಸರಿಹೊಂದಿದೆಯೋ ಇಲ್ಲವೋ ನೋಡಲು ಅವರದೊಂದು ಪರೀಕ್ಷೆ ಇದೆ. ಪಾಸಾದ ಗೋದಾಮಿಗೆ ಒಂದು ಮುದ್ರೆ. ಮುದ್ರೆ ಇರುವ ಯಾವ ಗೋದಾಮಿನಿಂದ ಮುದ್ರೆ ಇರುವ ಯಾವ ಗೋದಾಮಿಗೆ ಬೇಕಾದರೂ ನೀವು ಗಂಟುಮೂಟೆ ಕಟ್ಟಿಕೊಂಡು ಹೋಗಬಹುದು. ಗಿರಾಕಿಯ ಕೈಯಲ್ಲಿ ಇದಕ್ಕಿಂತ ದೊಡ್ಡ ಆಯುಧ ಇಲ್ಲ. ಬಿಟ್ಟು ಹೋಗಬಲ್ಲವರನ್ನು ಮಾತ್ರ ಮಾಲೀಕ ಮರ್ಯಾದೆಯಿಂದ ಮಾತಾಡಿಸುತ್ತಾನೆ. ಇದನ್ನು ತಿಳಿಯಲು ನಾನು ಕಂಪ್ಯೂಟರು ಕಲಿಯಬೇಕಾಗಿರಲಿಲ್ಲ.

ಆ ಗುಂಪಿಗೆ ಇವಳು ಕಳಿಸಿದ ಮೊದಲ ಕಾಣಿಕೆಯೇ ಒಂದು ತಕರಾರು. ಸ್ವಿಚ್ಚು ಆರಿಸಿಟ್ಟ ಕಂಪ್ಯೂಟರಿನ ಮೇಲೆ ಪರೀಕ್ಷೆ ಓಡಿಸಿದ್ದಳು, ಪಾಸು ಎಂದು ಬಂದಿತ್ತು. "ಸತ್ತವರನ್ನೂ ಪಾಸು ಮಾಡೋ ಪರೀಕ್ಷೆ ಯಾರಿಗೆ ಬೇಕು?" ಎಂದು ಬರೆದಳು. ಅಲ್ಲಿಯವರು ಬೈಯಲಿಲ್ಲ. ನೀವೇ ಸರಿ ಮಾಡಿ ಎಂದರು. ಅಲ್ಲಿಂದ ಪರೀಕ್ಷೆಯ ಉಸ್ತುವಾರಿ ಇವಳ ಕೊರಳಿಗೆ ಬಿತ್ತು.

ಹೊಟ್ಟೆಪಾಡಿಗೆ ಒಂದು ಪುಟಾಣಿ ಗೋದಾಮು ಕಂಪನಿ ಸೇರಿದಳು. ಕೆಲಸಗಾರರೇ ಪಾಲುದಾರರು, ಎಲ್ಲರನ್ನೂ ಒಂದು ವ್ಯಾನಿನಲ್ಲಿ ತುಂಬಬಹುದು. ಕಚೇರಿ ಐದನೆಯ ಮಹಡಿಯಲ್ಲಿ, ಕೆಳಗೆ ಕನ್ನಡಕದ ಅಂಗಡಿ. ಆ ಕಟ್ಟಡದ ಲಿಫ್ಟು ವಾರಕ್ಕೆರಡು ಸಲ ಕೆಡುತ್ತಿತ್ತು, ಇವಳು ವಾರಕ್ಕೆರಡು ಸಲ ದೂರು ಕೊಡುತ್ತಿದ್ದಳು. ರಿಪೇರಿಗೆ ಬರುತ್ತಿದ್ದವನು ಗ್ರೀಸು ಮೆತ್ತಿದ ಕೈಯ, ಕಡಿಮೆ ಮಾತಿನ ಮನುಷ್ಯ. ಲಿಫ್ಟು ಪೂರ್ತಿ ಸರಿಯಾದ ಮೇಲೂ ದೂರು ನಿಲ್ಲಲಿಲ್ಲ. ಆಗ ಅವನಿಗೆ ವಿಷಯ ಹೊಳೆಯಿತು. ಹೀಗೆ ನಮಗೊಬ್ಬ ಅಳಿಯ ಸಿಕ್ಕಿದ.

ಇನ್ನು ಆ ಗುಂಪಿನ ರೀತಿನೀತಿ. ಒಂಬತ್ತು ಜನರ ಸಮಿತಿ. ಎಷ್ಟೇ ದೊಡ್ಡ ಕಂಪನಿಯಾದರೂ ಅದಕ್ಕೆ ಎರಡಕ್ಕಿಂತ ಹೆಚ್ಚು ಸ್ಥಾನವಿಲ್ಲ. ಇದು ನನಗೆ ಬಹಳ ಹಿಡಿಸಿತು. ಯಾರಾದರೂ ಒಂದು ಬದಲಾವಣೆ ಸೂಚಿಸಿದರೆ ಅದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಒಪ್ಪದವರು 'ಮೈನಸ್ ಒನ್' ಎಂದು ಬರೆದು ಕಾರಣ ಕೊಡಬೇಕು. ಮೂರು ದಿನ ಯಾರೂ ಉಸಿರೆತ್ತದಿದ್ದರೆ ಪಾಸು. ಮೌನವೇ ಒಪ್ಪಿಗೆ.

ಇದು ನನಗೆ ಹಿಡಿಸಲಿಲ್ಲ. "ಮೌನಂ ಸಮ್ಮತಿ ಲಕ್ಷಣಂ ಅಂತ ಹೇಳಿ ಹೇಳಿಯೇ ಎಷ್ಟು ಹೆಣ್ಣುಮಕ್ಕಳನ್ನ ದಾಟಿಸಿಬಿಟ್ರು, ನೀವೂ ಅದನ್ನೇ ಹಿಡ್ಕೊಂಡಿದೀರಲ್ಲೇ" ಎಂದೆ.

"ಹಾಗಲ್ಲ ದೊಡ್ಡಮ್ಮ. ದಿನಕ್ಕೆ ನೂರು ಸಣ್ಣಪುಟ್ಟ ಬದಲಾವಣೆ ಬರ್ತವೆ. ಎಲ್ಲದಕ್ಕೂ ಎಲ್ಲರೂ ಹೂಂ ಅನ್ನೋ ತನಕ ಕಾಯ್ತಾ ಕೂತ್ರೆ ನಮ್ಮ ಕೂದಲು ನೆರೆತು ಹೋಗುತ್ತೆ."

"ನೆರೀಲಿ ಬಿಡು, ನಂದು ನೆರೆದಿಲ್ವಾ?"

ಅವಳು ಹೇಳಿದ್ದರಲ್ಲೂ ನಿಜವಿತ್ತು. ಆ ಪದ್ಧತಿ ವರ್ಷಗಟ್ಟಲೆ ಚೆನ್ನಾಗಿಯೇ ನಡೆದಿತ್ತು. ಯಾಕೆ ನಡೆದಿತ್ತು ಎಂದರೆ, ಬಂದ ಪ್ರತಿಯೊಂದನ್ನೂ ಕೊನೆಯ ಸಾಲಿನ ತನಕ ಓದಿ, ಬೇಕಾದಲ್ಲಿ ಮೈನಸ್ ಒನ್ ಒತ್ತಿ, ಪುಟಗಟ್ಟಲೆ ಕಾರಣ ಬರೆಯುವವಳು ಒಬ್ಬಳಿದ್ದಳು. ಮಿಕ್ಕವರು ಅವಳನ್ನು ಬೈದುಕೊಂಡು, ಅವಳ ನೆರಳಲ್ಲೇ ಹಾಯಾಗಿ ಮಲಗಿದ್ದರು.

ಕಳೆದ ವರ್ಷ ಅವಳನ್ನೇ ಸಮಿತಿಗೆ ಅಧ್ಯಕ್ಷೆ ಮಾಡಿದರು. ಅಳಿಯ ಅವತ್ತು ಕೇಕು ತಂದ, ತೊಡೆಯ ಮೇಲಿಟ್ಟುಕೊಂಡೇ ಕತ್ತರಿಸಿದೆವು. ಆದರೆ ಅಧ್ಯಕ್ಷೆಯಾದವಳ ತಲೆಗೆ ಒಂದು ಹುಳ ಹೊಕ್ಕಿತು. ಸಭೆ ನಡೆಸುವವರು ಯಾವ ಪಕ್ಷವನ್ನೂ ಹಿಡಿಯಬಾರದು, ತಕ್ಕಡಿ ಹಿಡಿದವಳು ತಾನೇ ತಟ್ಟೆಯಲ್ಲಿ ಕೂರಬಾರದು ಎಂದು. ಯಾರೂ ಹೇಳಿಕೊಟ್ಟಿದ್ದಲ್ಲ, ನಿಯಮದಲ್ಲೂ ಇರಲಿಲ್ಲ. ಅವಳೇ ಹೊಲಿದುಕೊಂಡ ಅಂಗಿ. ಬಿಗಿಯಾಗಿತ್ತು, ತೊಟ್ಟುಕೊಂಡಳು.

ಅದೇ ಹೊತ್ತಿಗೆ ನಮ್ಮ ಸಂಘದ ದವಾಖಾನೆಗೆ ಒಂದು ಕಷ್ಟ ಬಂತು. ಕಲೆ ತೆಗೆಯುವ ದ್ರಾವಣದ ಹೊಗೆ ಕುಡಿದು ಕುಡಿದು ನಮ್ಮವರ ಶ್ವಾಸಕೋಶ ಏನಾಗಿದೆ ಎಂದು ನಾವು ವರ್ಷವರ್ಷವೂ ಊದಿಸಿ ಪರೀಕ್ಷೆ ಮಾಡುತ್ತೇವೆ. ನಮ್ಮ ದಾದಿ ಒಬ್ಬೊಬ್ಬರ ಉಸಿರನ್ನೂ ಕಂಪ್ಯೂಟರಿಗೆ ಏರಿಸಿದ್ದಾಳೆ. ಕಾರ್ಖಾನೆಯಲ್ಲಿ ಗಾಳಿ ಹೊರಹಾಕುವ ಯಂತ್ರ ಹಾಕಿಸಬೇಕಾದರೆ ನಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ. ಅದೆಲ್ಲ ಇದ್ದದ್ದು ಒಂದು ಭಾರೀ ಕಂಪನಿಯ ಕ್ಲೌಡಿನಲ್ಲಿ. ಅದನ್ನು ನಾವು ಆನೆ ಎನ್ನುತ್ತೇವೆ. ಆನೆ ತನ್ನ ಹಳೆಯ ಗೋದಾಮು ಮುಚ್ಚುತ್ತಿತ್ತು. ಹೊಸದಕ್ಕೆ ಬನ್ನಿ ಎಂದು ಕರೆಯುತ್ತಿತ್ತು. ಹೊಸದರಲ್ಲಿ ಸಾಮಾನೆಲ್ಲ ಆನೆಯದೇ ಆದ ಮೂಟೆಯಲ್ಲಿ ಕಟ್ಟಿಡುತ್ತಾರೆ, ಆ ಗಂಟು ಬೇರೆ ಯಾರಿಗೂ ಬಿಚ್ಚಲು ಬರುವುದಿಲ್ಲ. ನಮ್ಮ ಉಸಿರು ನಮ್ಮ ಕೈತಪ್ಪಿ ಹೋಗುವುದು ಬೇಡ, ತಕರಾರಮ್ಮನ ಪುಟಾಣಿ ಗೋದಾಮಿಗೇ ಹೋಗೋಣ ಎಂದು ನಾವು ನಿರ್ಧರಿಸಿದೆವು. ನಮ್ಮ ಡಾಕ್ಟರಮ್ಮನದು ಒಂದೇ ಷರತ್ತು: "ಮುದ್ರೆ ಇರೋ ಜಾಗಕ್ಕೆ ಮಾತ್ರ ನಾನು ಸಹಿ ಹಾಕೋದು. ರೋಗಿಗಳ ವಿಷಯ, ಹುಡುಗಾಟ ಅಲ್ಲ." ಅವಳದು ಸರಿಯಾದ ಮಾತು. ಪುಟಾಣಿಗೆ ಮುದ್ರೆಯೂ ಇತ್ತು.

ಒಂದು ಮಧ್ಯಾಹ್ನ ದಾದಿಯೂ ನಾನೂ ದವಾಖಾನೆಯಲ್ಲಿ ಹೊಸ ಜಾಗಕ್ಕೆ ಏನೇನು ಹೋಗಬೇಕು ಎಂದು ನೋಡುತ್ತ ಕೂತಿದ್ದಾಗ ತಕರಾರಮ್ಮ ಬಾಗಿಲಲ್ಲಿ ನಿಂತಳು. ಮುಖ ಒಗೆದು ಹಿಂಡಿದ ಹಾಗಿತ್ತು.

"ದೊಡ್ಡಮ್ಮ, ಸಾಮಾನು ಕಟ್ಟೋದು ನಿಲ್ಸಿ."

"ಯಾಕೆ, ನಿಮ್ಮ ಗೋದಾಮಿಗೆ ಬೆಂಕಿ ಬಿತ್ತಾ?"

"ಇಲ್ಲ. ಫೇಲಾಗಿದೆ. ಹೊಸ ಆವೃತ್ತಿ ಬಿಡುಗಡೆಯಾದ ದಿನದಿಂದ ನಮಗೆ ಮುದ್ರೆ ಇಲ್ಲ."

"ಯಾರು ಫೇಲ್ ಮಾಡಿದ್ದು?"

"ಪರೀಕ್ಷೆ."

"ಆ ಪರೀಕ್ಷೆ ಯಾರದು?"

"ನಂದೇ."

ದಾದಿ ಕುರ್ಚಿ ಎಳೆದು ಕೂರಿಸಿದಳು, ಚಹಾ ಕೊಟ್ಟಳು. ಕತೆ ಹೊರಗೆ ಬಂತು. ಸಮಿತಿಯಲ್ಲಿ ಆನೆ ಕಂಪನಿಯ ಪ್ರತಿನಿಧಿಗಳು ಇಬ್ಬರು, ಅವರಲ್ಲಿ ಹಿರಿಯನೊಬ್ಬನಿದ್ದಾನೆ. ಮಾತು ನುಣುಪು, ನಗು ನುಣುಪು, ಅದಕ್ಕೆ ಅವನನ್ನು ಬೆಣ್ಣೆ ಎನ್ನುತ್ತಾರೆ. ಅವನು ಒಂದು ಸೂಚನೆ ಹಾಕಿದ್ದ: ಆನೆಯ ಮೂಟೆ ಕಟ್ಟುವ ವಿಧಾನವನ್ನೇ ಎಲ್ಲ ಗೋದಾಮುಗಳಿಗೂ ಕಡ್ಡಾಯ ಮಾಡಬೇಕು. ಆ ವಿಧಾನ ಗೊತ್ತಿದ್ದದ್ದು ಆನೆಗೆ ಮಾತ್ರ. ಅಂದರೆ ಮುಂದಿನ ಬಿಡುಗಡೆಯ ದಿನ ಆನೆ ಪಾಸು, ಊರೆಲ್ಲ ಫೇಲು. ಮೂರು ದಿನ ಸೂಚನೆ ಎಲ್ಲರ ಕಣ್ಣೆದುರು ಇತ್ತು. ಯಾರೂ ಮೈನಸ್ ಒನ್ ಹಾಕಲಿಲ್ಲ. ಪಾಸಾಗಿಹೋಯಿತು.

"ನೀನು ಓದ್ಲಿಲ್ವೇನೇ?"

"ಓದ್ದೆ. ಮೊದಲ್ನೇ ದಿನವೇ ಓದ್ದೆ."

"ಮತ್ತೆ ಬಾಯಿಗೆ ಏನಿಟ್ಕೊಂಡಿದ್ದೆ?"

"ನಾನು ಅಧ್ಯಕ್ಷೆ ಅಲ್ವಾ ದೊಡ್ಡಮ್ಮ... ಅದೂ ನಮ್ಮ ಕಂಪನಿಗೆ ಹೊಡೆತ ಬೀಳೋ ವಿಷಯ. ನಾನು ಬಾಯಿ ಹಾಕಿದ್ರೆ ಸ್ವಂತಕ್ಕೆ ಮಾಡಿದ ಹಾಗೆ ಆಗುತ್ತೆ. ಇನ್ಯಾರಾದ್ರೂ ಹಾಕ್ತಾರೆ ಅಂತ ಕಾದೆ."

"ಇನ್ಯಾರೂ ಯಾಕೆ ಹಾಕ್ಲಿಲ್ಲ?"

ಅವಳು ಫೋನು ತೆಗೆದು ಸಮಿತಿಯವರು ಬೆಳಿಗ್ಗೆಯಿಂದ ಕಳಿಸಿದ್ದ ಸಂದೇಶಗಳನ್ನು ಓದಿದಳು. ಒಬ್ಬ ಗಡ್ಡದವನು: "ನೀವು ಹೇಗೂ ತಕರಾರು ಮಾಡ್ತೀರಿ ಅಂತ ನಾನು ಸುಮ್ಮನಿದ್ದೆ." ಕಾಲೇಜಿನ ಮೇಷ್ಟ್ರು ಒಬ್ಬರು: "ನೀವು ಮಾಡುತ್ತೀರೆಂದು ಭಾವಿಸಿದ್ದೆ." ಭೂಮಿಯ ಆ ಕಡೆಯ, ಯಾವಾಗ ನೋಡಿದರೂ ಆಕಳಿಸುವ ಒಬ್ಬಳು, ಅವಳು ನಿದ್ದೆಗಣ್ಣಿ: "ಅಯ್ಯೋ, ನೀವು ಮಾಡ್ಲಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಮನೆ ತುಂಬ ಅಡುಗೆಯವರು, ಸಾರಿಗೆ ಮಾತ್ರ ಉಪ್ಪಿಲ್ಲ. ಅವಳು ಹಾಕಿರುತ್ತಾಳೆ ಎಂದು ಇವಳು, ಇವಳು ಹಾಕಿರುತ್ತಾಳೆ ಎಂದು ಅವಳು. ಇಲ್ಲಿ ಇನ್ನೂ ಮಜಾ, ಇಷ್ಟು ದಿನ ಉಪ್ಪು ಹಾಕುತ್ತಿದ್ದವಳಿಗೆ ಬಡ್ತಿ ಕೊಟ್ಟು ಪಡಸಾಲೆಯಲ್ಲಿ ಕೂರಿಸಿದ್ದರು.

"ನಗ್ತೀರಾ ದೊಡ್ಡಮ್ಮ!"

"ನಗ್ದೆ ಇನ್ನೇನ್ ಮಾಡ್ಲಿ? ಹುಟ್ಟಿದಾಗಿಂದ ಬಾಯಿ ಮುಚ್ಚು ಅಂತ ಬಡ್ಕೊಂಡ್ವಿ, ಮುಚ್ಚಲಿಲ್ಲ. ಮುಚ್ಚಬಾರದ ಮೂರು ದಿನ ನೋಡಿ ಮುಚ್ಕೊಂಡ್ಯಲ್ಲ!"

ದಾದಿ ಮಾತ್ರ ನಗಲಿಲ್ಲ. "ನಮ್ಮ ಜನರ ಉಸಿರು ಎಲ್ಲಿಗೆ ಹೋಗುತ್ತೆ ಈಗ?" ಎಂದು ಕೇಳಿದಳು. ನನ್ನ ನಗು ಅಲ್ಲಿಗೆ ನಿಂತಿತು. ತಿಂಗಳ ಕೊನೆಗೆ ಹಳೆಯ ಗೋದಾಮಿನ ಬಾಗಿಲು ಬೀಳುವುದಿತ್ತು. ಪುಟಾಣಿಗೆ ಮುದ್ರೆ ಹೋದರೆ ಆನೆಯ ಹೊಟ್ಟೆಯೇ ಗತಿ.

ಅವತ್ತು ಸಂಜೆ ನಾನೂ ಅವಳ ಜೊತೆ ಅವಳ ಮನೆಗೆ ಹೋದೆ. ಅಳಿಯ ಕೆಲಸ ಮುಗಿಸಿ ಬಂದು ಸಿಂಕಿನ ಹತ್ತಿರ ಸೋಪಿನ ಪುಡಿಯಲ್ಲಿ ಕೈ ಉಜ್ಜುತ್ತಿದ್ದ. ವಿಷಯ ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮಲ್ಲಿ ಇದು ಹಳೇ ಆಟ ದೊಡ್ಡಮ್ಮ. ಲಿಫ್ಟ್ ಯಾಕೆ ನಿಂತಿದೆ ಅಂತ ತಿಳ್ಕೊಳ್ಳೋಕೆ ಒಂದು ಸಣ್ಣ ಪೆಟ್ಟಿಗೆ ಚುಚ್ಚಬೇಕು. ಒಂದೊಂದು ಕಂಪನಿಗೂ ಒಂದೊಂದು ಪೆಟ್ಟಿಗೆ. ಅವರು ಅದನ್ನ ಹೊರಗಿನೋರಿಗೆ ಕೊಡಲ್ಲ. ಜನ ಒಳಗೆ ಸಿಕ್ಕಾಕ್ಕೊಂಡು ಬಾಗಿಲು ಬಡೀತಿರ್ತಾರೆ, ನಾನು ಹೊರಗೆ ಸ್ಪ್ಯಾನರ್ ಹಿಡ್ಕೊಂಡು ನಿಂತಿರ್ತೀನಿ. ಕೆಲಸ ಬರುತ್ತೆ, ಪೆಟ್ಟಿಗೆ ಇಲ್ಲ."

"ನೋಡು, ಒಂದು ವರ್ಷದ ಮಾತು ಒಂದೇ ಸಲ ಆಡ್ಬಿಟ್ಟ" ಎಂದೆ.

ತಕರಾರಮ್ಮ ಇಸ್ತ್ರಿ ಹಲಗೆಗೆ ಒರಗಿ ನಿಂತಳು. "ಅಧ್ಯಕ್ಷಗಿರಿ ಬಿಟ್ಬಿಡ್ತೀನಿ. ಬಿಟ್ರೆ ಮತ್ತೆ ನಾನು ಸಾಮಾನ್ಯ ಸದಸ್ಯೆ. ಬಿಡುಗಡೆಗೆ ಮುಂಚೆ ಶನಿವಾರ ಎಲ್ಲರ ಸಭೆ ಇದೆ. ಬದಲಾವಣೆಗಳ ಪಟ್ಟಿ ಓದ್ತಾರೆ. ಅಲ್ಲಿ ಒಬ್ಬ ಸದಸ್ಯರು 'ಇಲ್ಲ' ಅಂದ್ರೂ ಸಾಕು, ಅದು ಮತ್ತೆ ಮತಕ್ಕೆ ಹೋಗುತ್ತೆ. ನಾನೇ ಅಂತೀನಿ."

"ಉಪಾಧ್ಯಕ್ಷರು ಯಾರು?" ಅಳಿಯ ಕೈ ಒರೆಸಿಕೊಳ್ಳುತ್ತ ಕೇಳಿದ.

ಅವಳು ಹಲಗೆಯ ಸುಟ್ಟ ಕಲೆಯನ್ನು ಉಗುರಿನಿಂದ ಕೆರೆದಳು.

"ಯಾರೇ?" ಎಂದೆ.

"ಬೆಣ್ಣೆ."

"ಚೆನ್ನಾಗಿದೆ! ಬೆಕ್ಕಿಗೆ ಹಾಲು ಕಾಯೋಕೆ ಕೊಟ್ಟು ನೀನು ತೀರ್ಥಯಾತ್ರೆಗೆ ಹೊರಡು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೀನೇ ಬಾಯಿ ಬಿಡು, ಅಧ್ಯಕ್ಷೆ ಮಾತಾಡಬಾರದು ಅಂತ ಎಲ್ಲಿ ಬರೆದಿದೆ ಎಂದು ನಾನು ಜೋರು ಮಾಡಿದೆ. ಅವಳು ಜಗ್ಗಲಿಲ್ಲ. "ಅಧ್ಯಕ್ಷೆಯಾಗಿ ನಾನೊಬ್ಬಳೇ ಇಲ್ಲ ಅಂದ್ರೆ ಪುಟಾಣಿ ಕಂಪನಿಯೋಳು ತನ್ನ ಅನ್ನಕ್ಕೆ ಅತ್ಳು ಅಂತಾರೆ. ನಾಳೆ ಮತದಲ್ಲಿ ಸೋಲ್ತೀವಿ. ಅವರ ಬಾಯಿಂದಲೇ ಬರ್ಬೇಕು ದೊಡ್ಡಮ್ಮ." ಮೂವರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣಲು ಕೂತೆವು. ನನ್ನ ತಟ್ಟೆ ಜಾರಿ ಸಾರು ಸೀರೆಗೆ ಚೆಲ್ಲಿತು. "ಈ ಮನೇಲಿ ಒಂದು ಮೇಜು ಇಲ್ವಲ್ಲ!" ಎಂದು ಗೊಣಗಿದೆ. ಅಳಿಯ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

ತಕರಾರಮ್ಮ ತುತ್ತು ಕೈಯಲ್ಲೇ ಹಿಡಿದು ಕೇಳಿದಳು: "ದೊಡ್ಡಮ್ಮ, ಆ ಚಹಾದ ಬಿಡುವಿನ ಸಭೇಲಿ ನಾನು ಬೆಂಚಿನ ಕೆಳಗಿಂದ ಏನಂದೆ?"

"ನನ್ನನ್ನ ಯಾರೂ ಕೇಳ್ಲೇ ಇಲ್ಲ ಅಂದೆ."

"ಇಲ್ಲ ಅಂತ ಅಂದೆನಾ?"

"ಇಲ್ಲ."

"ಹೂಂ ಅಂತ ಅಂದೆನಾ?"

"ಅದೂ ಇಲ್ಲ."

ಅವಳು ತುತ್ತು ನುಂಗಿ ನಕ್ಕಳು. ಆ ನಗು ನನಗೆ ಗೊತ್ತು. ಅದು ಬಂದಾಗಲೆಲ್ಲ ಯಾರಾದರೊಬ್ಬರ ಚಹಾ ಆರುತ್ತದೆ.

ಶನಿವಾರ ಮಧ್ಯಾಹ್ನ ದಾದಿಯನ್ನೂ ಕರೆದುಕೊಂಡು ಹೋಗಿ ಅವಳ ಹಾಸಿಗೆಯ ಅಂಚಿನಲ್ಲಿ, ಪರದೆಗೆ ಕಾಣದ ಹಾಗೆ ಕೂತೆ. ಇಸ್ತ್ರಿ ಹಲಗೆಯ ಮೇಲೆ ಒಂಬತ್ತು ಮುಖಗಳು. ಒಬ್ಬನಿಗೆ ಹಲ್ಲುಜ್ಜುವ ಹೊತ್ತು, ಇನ್ನೊಬ್ಬಳಿಗೆ ದೀಪ ಹಚ್ಚುವ ಹೊತ್ತು. ಸಮಿತಿಯವರಲ್ಲದೆ ಕೇಳಲು ಬಂದವರು ಸುಮಾರು ಜನ ಇದ್ದರು, ಅವರಿಗೆ ಮುಖವಿಲ್ಲ, ಬರೀ ಚುಕ್ಕೆ. ಪಟ್ಟಿ ಓದುವುದು ಶುರುವಾಯಿತು. ಇದು ಪಾಸು, ಅದು ಪಾಸು, ಎಲ್ಲರೂ ತಲೆ ಬಗ್ಗಿಸಿ ತಮ್ಮ ತಮ್ಮ ಬೇರೆ ಕೆಲಸ ಮಾಡುತ್ತಿದ್ದರು. ಆನೆಯ ಮೂಟೆಯ ಸರದಿ ಬಂತು. ತಕರಾರಮ್ಮ ಓದಿದಳು, ನಿಲ್ಲಿಸಿದಳು.

"ಇದು ಕಡ್ಡಾಯದ ವಿಷಯ. ಇವತ್ತು ಪಾಸಾಗಿರೋ ಗೋದಾಮುಗಳು ನಾಳೆ ಫೇಲಾಗ್ತವೆ. ನಾನು ಅಧ್ಯಕ್ಷೆ, ನನ್ನ ಅಭಿಪ್ರಾಯ ಹೇಳಲ್ಲ. ಆದ್ರೆ ನಿಮ್ಮನ್ನ ಒಬ್ಬೊಬ್ಬರನ್ನೇ ಕೇಳ್ತೀನಿ. ಹೌದೋ ಇಲ್ಲವೋ ನಿಮ್ಮ ಬಾಯಿಂದ ಹೇಳಿ."

ಎಂಟು ತಲೆಗಳು ಮೇಲೆದ್ದವು. ಸಾಲಾಗಿ ಹೆಂಚಿನಂತೆ ಕೂತಿದ್ದವರು ಮೇಲೆ ಬೆಕ್ಕು ಓಡಿದಂತೆ ಅಲುಗಾಡಿದರು.

"ಹೀಗೆ ಕೇಳೋ ಪದ್ಧತಿ ಇಲ್ವಲ್ಲ?" ಆನೆಯ ಎರಡನೆಯ ಸದಸ್ಯ ಕೇಳಿದ.

"ಕೇಳಬಾರದು ಅಂತಲೂ ಇಲ್ಲ. ನಿಮ್ಮಿಂದಲೇ ಶುರು ಮಾಡೋಣ."

ಅವನು ಹೌದು ಎಂದ. ಅವನ ಅನ್ನ ಅದು, ತಪ್ಪೇನಿಲ್ಲ. ಮುಂದೆ ಗಡ್ಡದವನು. ಗಡ್ಡ ಕೆರೆದುಕೊಂಡ. "ನಾನು... ತಟಸ್ಥ ಅಂತ ಬರ್ಕೊಳ್ಳಿ."

"ನಿಮ್ಮ ಗೋದಾಮು ಪಾಸಾಗುತ್ತಾ ಫೇಲಾಗುತ್ತಾ?"

"ಫೇಲಾಗುತ್ತೆ."

"ಮುಳುಗ್ತಿರೋ ದೋಣೀಲಿ ಕೂತು ತಟಸ್ಥ ಅಂತೀರಾ? ಸರಿ, ಬರ್ಕೊಂಡೆ."

ಮುಖವಿಲ್ಲದ ಚುಕ್ಕೆಗಳ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ದಾದಿ ನನ್ನ ಮೊಣಕೈ ಹಿಡಿದಿದ್ದಳು, ಉಗುರು ಒಳಗಿಳಿಯುತ್ತಿತ್ತು. ಮೂರನೆಯವಳು ನಿದ್ದೆಗಣ್ಣಿ. ಆಕಳಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ಕಣ್ಣು ಬಿಟ್ಟಳು.

"ಇಲ್ಲ" ಎಂದಳು. "ನಮ್ಮದು ಲೈಬ್ರರಿಗಳ ಗೋದಾಮು. ಪುಸ್ತಕ ಯಾರ ಹತ್ರ ಇದೆ ಅಂತ ಬರೆದಿಡೋದು, ಅಷ್ಟೇ. ಇದು ಬಂದ್ರೆ ನಾವು ಬಾಗಿಲು ಹಾಕ್ಬೇಕು. ಮೊದಲೇ ಹೇಳ್ಬೇಕಿತ್ತು. ತಕರಾರಮ್ಮ ಹೇಳ್ತಾರೆ ಅಂತ ಮಲಗ್ಬಿಟ್ಟೆ."

ಒಂದು ಹಲ್ಲು ಸಡಿಲವಾದರೆ ಸಾಲು ಪೂರ್ತಿ ಅಲುಗುತ್ತದೆ. ಮೇಷ್ಟ್ರು ಇಲ್ಲ ಎಂದರು, ಕಾರಣವನ್ನು ಪಾಠದ ಹಾಗೆ ಕೊಟ್ಟರು. ಅವರ ಮುಂದಿನ ಮೂವರೂ ಇಲ್ಲ ಎಂದರು. ಗಡ್ಡದವನು ಕೈಯೆತ್ತಿ, "ನಂದು ತಟಸ್ಥ ಅಲ್ಲ, ಇಲ್ಲ ಅಂತ ಬದಲಾಯಿಸಿ" ಎಂದ. "ಅಳಿಸಿ ಬರೆಯೋಕೆ ಇದೇನು ಸ್ಲೇಟಾ?" ಎಂದಳು ಅಧ್ಯಕ್ಷೆ, ಬದಲಾಯಿಸಿಕೊಂಡಳು.

ಕೊನೆಗೆ ಬೆಣ್ಣೆ. ಅವನು ಕನ್ನಡಕ ತೆಗೆದು ಒರೆಸಿದ.

"ನಿಜ ಹೇಳ್ಲಾ ಅಧ್ಯಕ್ಷರೇ? ನಾನು ಕಡ್ಡಾಯ ಅಂತ ಹಾಕಿದ್ದೇ ನೀವು ಕೂಗಾಡ್ತೀರಿ ಅಂತ. ನೀವು ಕೂಗಾಡ್ತೀರಿ, ನಾನು ಬೇಕಾದೋರಿಗೆ ಮಾತ್ರ ಅಂತ ಇಳಿಸ್ತೀನಿ, ಇಬ್ಬರಿಗೂ ಗೆದ್ದ ಹಾಗಾಗುತ್ತೆ ಅಂತ ಲೆಕ್ಕ ಹಾಕಿದ್ದೆ. ಮೂರನೇ ದಿನ ಸಂಜೆ ತನಕ ಕಾದೆ. ನಿಮಗೆ ಹುಷಾರಿಲ್ವೇನೋ ಅಂತ ಯೋಚನೆ ಆಯ್ತು. ಪಾಸಾಗಿಬಿಡ್ತು! ನಮ್ಮ ಮೇಲಿನೋರು ಬೆನ್ನು ತಟ್ಟಿದ್ರು. ಈಗ ಅವರಿಗೆ ಏನು ಹೇಳ್ಲಿ?"

"ನಮ್ಮ ಮನೆಗೆ ಬಾರಪ್ಪ, ಬೆನ್ನು ನಾನೂ ತಟ್ತೀನಿ" ಎಂದು ನಾನು ಹಾಸಿಗೆಯ ಮೇಲಿಂದ ಕೂಗಿಬಿಟ್ಟೆ.

"ಯಾರದು?"

"ನಮ್ಮ ದೊಡ್ಡಮ್ಮ. ಅವರಿಗೆ ಮತ ಇಲ್ಲ, ಬಾಯಿ ಇದೆ. ನೀವು ಹೌದಾ ಇಲ್ವಾ ಹೇಳಿ."

"ಬೇಕಾದೋರಿಗೆ ಮಾತ್ರ ಅಂತ ಇಳಿಸಿ" ಎಂದ ಬೆಣ್ಣೆ. ನುಣುಪಾಗಿಯೇ ಹೇಳಿದ, ಆದರೆ ಆ ಹೊತ್ತು ಅವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಎದುರಾಳಿಯೂ ಕಾಯುವಂಥ ತಕರಾರು ಮಾಡುವುದು ಸಣ್ಣ ಮಾತಲ್ಲ. ನನ್ನ ಇಡೀ ಜೀವಮಾನದಲ್ಲಿ ಯಾವ ಮಾಲೀಕನೂ ನನ್ನ ಕೂಗಿಗೆ ಹಾಗೆ ಕಾದಿರಲಿಲ್ಲ.

ಆನೆಯ ಮೂಟೆ ಕಡ್ಡಾಯದಿಂದ ಕೆಳಗಿಳಿಯಿತು. ಬೇರೆ ಬೇರೆ ಕಂಪನಿಯ ಮೂರು ಗೋದಾಮುಗಳಾದರೂ ಅದನ್ನು ನಡೆಸಿ ತೋರಿಸುವ ತನಕ ಅದು ಯಾರ ಮೇಲೂ ಹೇರಿಕೆಯಾಗಬಾರದು ಎಂದಾಯಿತು. ಪುಟಾಣಿಯ ಮುದ್ರೆ ಉಳಿಯಿತು. ಆಮೇಲೆ ತಕರಾರಮ್ಮ ಒಂದು ಹೊಸ ನಿಯಮ ಸೂಚಿಸಿದಳು: ಇದ್ದವರನ್ನು ಹೊರಗೆ ಹಾಕುವಂಥ ಯಾವ ಬದಲಾವಣೆಗೂ ಮೌನ ಸಾಲದು, ಪ್ರತಿಯೊಬ್ಬರ ಬಾಯಿಂದಲೂ ಹೌದು ಬರಬೇಕು. ಆ ನಿಯಮಕ್ಕೆ ಯಾರೂ ತಕರಾರು ಮಾಡಲಿಲ್ಲ. ಅದಕ್ಕೇ ಅವಳಿಗೆ ಅನುಮಾನ ಬಂತು. "ಯಾರೂ ಓದೇ ಇಲ್ಲ" ಎಂದು ಒಬ್ಬೊಬ್ಬರಿಗೂ ಫೋನು ಮಾಡಿ ಓದಿಸಿ, ಅಲ್ಪವಿರಾಮಕ್ಕೊಂದು ಜಗಳ ಹುಟ್ಟಿಸಿ, ಜಗಳ ತೀರಿದ ಮೇಲೆಯೇ ಪಾಸು ಮಾಡಿದ್ದು. ಅಧ್ಯಕ್ಷೆಯೂ ಅಭಿಪ್ರಾಯ ಹೇಳಬಹುದು ಎಂಬ ಸಾಲನ್ನು ಗಡ್ಡದವನು ಸೇರಿಸಿದ. ಅವನು ಮಾಡಿದ ಮೊದಲ ತಿದ್ದುಪಡಿ ಅದು. ಬಿಗಿ ಅಂಗಿಯನ್ನು ಇವಳು ಅವತ್ತೇ ಕಳಚಿ ಹಾಕಿದಳು.

ದವಾಖಾನೆಯ ಸಾಮಾನು ಪುಟಾಣಿ ಗೋದಾಮಿಗೆ ಹೋದ ದಿನ ದಾದಿ ಮೊದಲು ತೆರೆದು ನೋಡಿದ್ದು ನನ್ನದೇ ಉಸಿರಿನ ಲೆಕ್ಕ. ಹಳೆಯದರಲ್ಲಿ ಹೇಗಿತ್ತೋ ಹಾಗೇ ಇತ್ತು, ಒಂದು ಗೆರೆಯೂ ಕದಲಿರಲಿಲ್ಲ. ಡಾಕ್ಟರಮ್ಮ ಸಹಿ ಹಾಕಿದಳು. "ಈಗ ಇದನ್ನ ಹಿಡ್ಕೊಂಡು ಮಾಲೀಕರ ಹತ್ರ ಹೋಗ್ಬಹುದು" ಎಂದಳು. ಹೋಗಿದ್ದೇವೆ. ಗಾಳಿ ಯಂತ್ರದ ಜಗಳ ನಡೆಯುತ್ತಿದೆ. ನಮ್ಮ ಸಾಕ್ಷಿ ನಮ್ಮ ಕೈಯಲ್ಲಿದೆ, ಹಾಗಾಗಿ ಜಗಳ ಈ ಸಲ ಬಹಳ ಚೆನ್ನಾಗಿದೆ.

ಮಾತು ಬೆಳ್ಳಿ, ಮೌನ ಬಂಗಾರ ಎಂದವನ ಮನೆಯಲ್ಲಿ ಬಂಗಾರ ಮೊದಲೇ ಇತ್ತೆಂದು ಕಾಣುತ್ತದೆ. ನಮ್ಮ ಸಂಘದಲ್ಲಿ ಮೌನದಿಂದ ಒಂದು ಮೇಜೂ ಬರಲಿಲ್ಲ. ಎಲ್ಲರೂ ತಲೆಯಾಡಿಸಿ ಪಾಸು ಮಾಡಿದ ಠರಾವಲ್ಲವೇ ಅದು? ಮೇಜನ್ನು ಇನ್ಯಾರೋ ಕೊಡಿಸಿರುತ್ತಾರೆ ಎಂದು ಇವತ್ತಿಗೂ ಅಷ್ಟೂ ಜನ ನಂಬಿದ್ದಾರೆ. ಮುಂದಿನ ಸಭೆಯಲ್ಲಿ ಬಾಯ್ಲರಿನ ಆ ಮೂವರಿಂದಲೇ ಶುರು ಮಾಡಿ ನಾನೂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುವವಳಿದ್ದೇನೆ.

ಇನ್ನು ನೀವು. ನಿಮ್ಮ ಕಟ್ಟಡದ ಮೆಟ್ಟಿಲ ಬಳಿ, ಕಚೇರಿಯ ಬೋರ್ಡಿನ ಮೇಲೆ, ನಿಮ್ಮ ಫೋನಿನೊಳಗೆ ಈ ಹೊತ್ತಿಗೂ ಒಂದು ನೋಟಿಸು ನೇತಾಡುತ್ತಿದೆ. ಆಕ್ಷೇಪವಿದ್ದವರು ಇಂತಿಷ್ಟು ದಿನದೊಳಗೆ ತಿಳಿಸತಕ್ಕದ್ದು ಎಂದು ಕೆಳಗೆ ಸಣ್ಣಕ್ಷರದಲ್ಲಿದೆ. ನೀವು ಅದನ್ನು ಓದಿಲ್ಲ, ನಿಮ್ಮ ಗುಂಪಿನ ತಕರಾರಮ್ಮ ಓದಿರುತ್ತಾಳೆ ಎಂದುಕೊಂಡಿದ್ದೀರಿ. ಅವಳಿಗೆ ಅಧ್ಯಕ್ಷಗಿರಿ ಸಿಕ್ಕಿರಬಹುದು, ಜ್ವರ ಬಂದಿರಬಹುದು, ನಿಮ್ಮೆಲ್ಲರ ಸಹವಾಸ ಸಾಕಾಗಿರಬಹುದು. ಏಳಿ, ಈಗಲೇ ಹೋಗಿ ಕೊನೆಯ ಸಾಲಿನ ತನಕ ಓದಿ. ಹೌದು ಎನ್ನಿ, ಇಲ್ಲ ಎನ್ನಿ, ನಿಮ್ಮ ಇಷ್ಟ. ಆದರೆ ನಿಮ್ಮ ಬಾಯಿಂದ ಹೇಳಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ.